ಓಟಕ್ಕೂ ಒಂದು ನಂಬರ್: ಅಮೆರಿಕನ್ ಫುಟ್‌ಬಾಲ್‌ನ ಪಾಸ್ ರೂಟ್ ಓದುವುದು ಹೇಗೆ?

ಅಮೆರಿಕನ್ ಫುಟ್‌ಬಾಲ್ ಲೀಗ್‌ನ ಫೈನಲ್ ಆದ ಸೂಪರ್ ಬೌಲ್ ಪಂದ್ಯ ನಮ್ಮಲ್ಲಿ ಶುರುವಾಗುವುದು ಸೋಮವಾರ ಬೆಳಗಿನ ಜಾವ ಐದು ಗಂಟೆಗೆ. ಮೊದಲ ಸಲ ಕಾಫಿ ಲೋಟ ಹಿಡಿದು ನೋಡಲು ಕೂತಾಗ ನನಗೆ ಕಂಡಿದ್ದು ಇಷ್ಟೇ: ಹೆಲ್ಮೆಟ್ ಹಾಕಿದ ಇಪ್ಪತ್ತೆರಡು ಜನ ಡಿಕ್ಕಿ ಹೊಡೆದರು, ಯಾರೋ ಚೆಂಡು ಎಸೆದ, ಇನ್ಯಾರೋ ಹಿಡಿದ. ಕಾಮೆಂಟರಿಯವರು ಮಾತ್ರ ಸ್ಲ್ಯಾಂಟ್, ಪೋಸ್ಟ್, ಡಿಗ್ ಅಂತ ಉಸಿರು ಬಿಡದೆ ಹೇಳುತ್ತಿದ್ದರು. ಅಲ್ಲಿ ಯಾರೂ ಸುಮ್ನೆ ಓಡುವುದಿಲ್ಲ ಅಂತ ತಿಳಿಯಲು ನನಗೆ ಎರಡು ಸೀಸನ್ ಬೇಕಾಯಿತು. ನಿಮಗೆ ಅಷ್ಟು ಬೇಡ. ಒಂದು ಹಾಳೆ, ಒಂದು ಪೆನ್ಸಿಲ್ ಸಾಕು.

ಶುರು ಮಾಡುವ ಮುಂಚೆ ಎರಡು ಮಾತು. ದಾಳಿ ಮಾಡುವ ತಂಡಕ್ಕೆ ನಾಲ್ಕು ಅವಕಾಶ. ಅಷ್ಟರಲ್ಲಿ 10 ಗಜ ಮುಂದೆ ಹೋಗಬೇಕು. ಹೋದರೆ ಮತ್ತೆ ನಾಲ್ಕು ಅವಕಾಶ. ಚೆಂಡು ಎಸೆಯುವವನು ಕ್ವಾರ್ಟರ್‌ಬ್ಯಾಕ್, ಓಡಿ ಹೋಗಿ ಹಿಡಿಯುವವನು ರಿಸೀವರ್. ಅವನು ಓಡುವ ದಾರಿಯೇ ರೂಟ್. ದೂರದ ಅಂದಾಜು ನಮಗೆ ಕಷ್ಟವಲ್ಲ. ಕ್ರಿಕೆಟ್ ಪಿಚ್ 22 ಗಜ ಅಲ್ವಾ? 10 ಗಜ ಅಂದರೆ ಅರ್ಧ ಪಿಚ್‌ಗಿಂತ ಸ್ವಲ್ಪ ಕಡಿಮೆ.

ಮರ ಬರೆಯಿರಿ

ಹಾಳೆಯ ಕೆಳಗೆ ಒಂದು ಅಡ್ಡಗೆರೆ ಎಳೆಯಿರಿ. ಚೆಂಡು ಹೊರಡುವುದು ಅಲ್ಲಿಂದ. ಗೆರೆಯ ಬಲತುದಿಯಲ್ಲಿ ಒಂದು ಸೊನ್ನೆ ಹಾಕಿ. ಅವನು ನಮ್ಮ ರಿಸೀವರ್. ಅವನ ಎಡಕ್ಕೆ ಮೈದಾನದ ನಡುಭಾಗ, ಅಲ್ಲಿ ಕ್ವಾರ್ಟರ್‌ಬ್ಯಾಕ್ ಇದ್ದಾನೆ. ಬಲಕ್ಕೆ ಸೈಡ್‌ಲೈನ್. ಈಗ ಸೊನ್ನೆಯಿಂದ ನೇರ ಮೇಲಕ್ಕೆ ಉದ್ದ ಗೆರೆ ಎಳೆಯಿರಿ. ಅದು ಮರದ ಕಾಂಡ. ಎಲ್ಲ ರೂಟ್‌ಗಳೂ ಇದರಿಂದ ಒಡೆಯುವ ಕೊಂಬೆಗಳು. ಅದಕ್ಕೇ ಇದಕ್ಕೆ ರೂಟ್ ಟ್ರೀ ಅನ್ನುತ್ತಾರೆ.

ಕೊಂಬೆಗಳಿಗೆ 1ರಿಂದ 9ರವರೆಗೆ ನಂಬರ್. ನೆನಪಿಡುವ ಸೂತ್ರ ಒಂದೇ: ಸಮ ಸಂಖ್ಯೆ ಒಳಕ್ಕೆ, ಬೆಸ ಸಂಖ್ಯೆ ಹೊರಕ್ಕೆ. ನೇರ ಓಡುವ 9 ಮಾತ್ರ ಇದಕ್ಕೆ ಹೊರತು. ರಿಸೀವರ್ ಎಡತುದಿಯಲ್ಲಿದ್ದರೆ ಇದೇ ಚಿತ್ರವನ್ನು ಕನ್ನಡಿಯಲ್ಲಿ ನೋಡಿದ ಹಾಗೆ.

ಈ ನಂಬರ್ ಪದ್ಧತಿಯ ಜೊತೆ ಸದಾ ಕೇಳಿಬರುವ ಹೆಸರು ಡಾನ್ ಕೊರಿಯಲ್. 1978ರಲ್ಲಿ ಸ್ಯಾನ್ ಡಿಯಾಗೋ ಚಾರ್ಜರ್ಸ್ ತಂಡದ ಕೋಚ್ ಆದ ಇವರು, ಮೂರು ಅಂಕಿ ಕೂಗಿ ಮೂವರ ಓಟವನ್ನೂ ಹೇಳಿಬಿಡುತ್ತಿದ್ದರು. 896 ಅಂದರೆ ಮೊದಲಿನವನು 8, ಎರಡನೆಯವನು 9, ಮೂರನೆಯವನು 6 ಓಡಬೇಕು. ಎಲ್ಲ ತಂಡಗಳೂ ಹೀಗೆಯೇ ಮಾಡುವುದಿಲ್ಲ. ಕೆಲವರು ನಂಬರ್ ಬಿಟ್ಟು ಬರೀ ಹೆಸರು ಬಳಸುತ್ತಾರೆ, ಕೆಲವರ ಮರದಲ್ಲಿ ಅಂಕಿಗಳೇ ಬೇರೆ. ಕಲಿಯುವವರಿಗೆ ಇದು ಸಾಕು.

ಗಿಡ್ಡ ಕೊಂಬೆಗಳು

1, ಫ್ಲ್ಯಾಟ್. ನಾಲ್ಕೈದು ಗಜದೊಳಗೇ ಸೈಡ್‌ಲೈನ್ ಕಡೆ ತಿರುಗುವುದು. ಇದರಲ್ಲಿ ಹೇಳುವಂಥದ್ದು ಹೆಚ್ಚಿಲ್ಲ.

2, ಸ್ಲ್ಯಾಂಟ್. ಮೂರು ಹೆಜ್ಜೆ ಮುಂದೆ, ಆಮೇಲೆ ಚೂಪಾಗಿ ಒಳಕ್ಕೆ ಓರೆ. ನೋಡಲು ಸರಳ. ಆದರೆ ಇಡೀ ಪಾಸ್ ಆಟದ ಗುಟ್ಟು ಇದರಲ್ಲೇ ಇದೆ. ಚೆಂಡು ಕೈ ಬಿಡುವ ಹೊತ್ತಿಗೆ ಅದು ಬೀಳುವ ಜಾಗದಲ್ಲಿ ರಿಸೀವರ್ ಇರುವುದೇ ಇಲ್ಲ. ಕ್ವಾರ್ಟರ್‌ಬ್ಯಾಕ್ ಎಸೆಯುವುದು ಅವನು ಬರಬೇಕಾದ ಜಾಗಕ್ಕೆ. ಅವನೂ ಅಲ್ಲಿಗೆ ಬಂದೇ ಬರಬೇಕು, ಅರ್ಧ ಹೆಜ್ಜೆಯೂ ತಪ್ಪುವಂತಿಲ್ಲ.

ತಪ್ಪಿದರೆ ಏನಾಗುತ್ತದೆ? 2015ರ ಫೆಬ್ರವರಿ 1ರ ಸೂಪರ್ ಬೌಲ್ ನೋಡಿ. ಪೇಟ್ರಿಯಟ್ಸ್ 28, ಸೀಹಾಕ್ಸ್ 24. ಅರ್ಧ ನಿಮಿಷವೂ ಉಳಿದಿಲ್ಲ. ಗೋಲ್ ಗೆರೆ ದಾಟಿ ಗೆಲ್ಲಲು ಸೀಹಾಕ್ಸ್‌ಗೆ ಬೇಕಿದ್ದದ್ದು ಒಂದೇ ಗಜ. ಬಲಗಡೆ ಇಬ್ಬರು ರಿಸೀವರ್‌ಗಳು ಒಬ್ಬರ ಹಿಂದೆ ಒಬ್ಬರು ನಿಂತರು. ಮುಂದಿನವನು ಎದುರಾಳಿ ಡಿಫೆಂಡರ್‌ನ ದಾರಿಗೆ ಅಡ್ಡ ಬರಬೇಕು, ಹಿಂದಿನ ರಿಕಾರ್ಡೋ ಲಾಕೆಟ್ ಸ್ಲ್ಯಾಂಟ್ ಓಡಬೇಕು. ರಸೆಲ್ ವಿಲ್ಸನ್ ಚೆಂಡನ್ನು ಜಾಗಕ್ಕೇ ಎಸೆದ. ಆದರೆ ಆ ಜಾಗಕ್ಕೆ ಲಾಕೆಟ್‌ಗಿಂತ ಮೊದಲು ನುಗ್ಗಿದ್ದು ಪೇಟ್ರಿಯಟ್ಸ್‌ನ ಮಾಲ್ಕಮ್ ಬಟ್ಲರ್. ಆ ಹೊಸ ಹುಡುಗ ಇದೇ ಆಟಕ್ಕೆ ಪ್ರಾಕ್ಟೀಸ್‌ನಲ್ಲಿ ಒಮ್ಮೆ ಏಮಾರಿದ್ದ. ನಿಂತ ರೀತಿ ನೋಡಿಯೇ ರೂಟ್ ಊಹಿಸಿದ, ಚೆಂಡು ಕಸಿದ. ಚೆಂಡು ಎತ್ತಿಕೊಂಡು ಓಡುವ ಬದಲು ಎಸೆದದ್ದೇಕೆ ಅಂತ ಅಮೆರಿಕದಲ್ಲಿ ಇಂದಿಗೂ ಜಗಳ ಆಡುತ್ತಾರೆ. ನನಗೆ ಮಾತ್ರ ಅದರಲ್ಲಿ ಬಟ್ಲರ್‌ನ ಓದೇ ಜಾಸ್ತಿ ಕಾಣುತ್ತದೆ.

ನಡುವಿನವು

3 ಮತ್ತು 4 ಜೋಡಿ. ಎರಡರಲ್ಲೂ ಮುಂದೆ ಓಡಿ ಗಕ್ಕನೆ ನಿಂತು ಹಿಂದಕ್ಕೆ ಬರಬೇಕು. ಸೈಡ್‌ಲೈನ್ ಕಡೆ ತಿರುಗಿ ಬಂದರೆ 3, ಕಂಬ್ಯಾಕ್. ಒಳಕ್ಕೆ ತಿರುಗಿ ಬಂದರೆ 4, ಕರ್ಲ್. ಪೂರ್ತಿ ವೇಗದಲ್ಲಿ ಹಿಂದೆ ಬಿದ್ದ ಡಿಫೆಂಡರ್‌ಗೆ ಬ್ರೇಕ್ ಹಿಡಿಯುವುದಿಲ್ಲ, ಅಷ್ಟೇ ಇದರ ಲಾಭ.

5 ಮತ್ತು 6 ಮೂಲೆಮಟ್ಟದ ಹಾಗೆ ನೇರ ತಿರುವು. ಹೊರಕ್ಕೆ ಹೋದರೆ ಔಟ್, ಒಳಕ್ಕೆ ಹೋದರೆ ಡಿಗ್. ಔಟ್ ಎಸೆಯಲು ತೋಳಿನಲ್ಲಿ ಕಸು ಬೇಕು. ಮೈದಾನದ ಅಗಲ 53 ಗಜಕ್ಕಿಂತ ಚೂರು ಜಾಸ್ತಿ. ನಡುವಿನಿಂದ ಅಂಚಿಗೆ ಹೋಗುವ ಚೆಂಡು ಗಾಳಿಯಲ್ಲಿ ತುಂಬಾ ಹೊತ್ತು ಇರುತ್ತದೆ. ಮೆಲ್ಲಗೆ ಬಿಟ್ಟರೆ ಡಿಫೆಂಡರ್ ನಡುವೆ ಹಾರಿ ಹಿಡಿಯುತ್ತಾನೆ, ಅವನ ಮುಂದೆ ಖಾಲಿ ಮೈದಾನ.

ಉದ್ದ ಕೊಂಬೆಗಳು

ಹನ್ನೆರಡು ಗಜದ ಆಸುಪಾಸು ಓಡಿ, ಮೈದಾನದ ಮೂಲೆಯತ್ತ ಓರೆಯಾಗಿ ಹೋದರೆ 7, ಕಾರ್ನರ್. ಒಳಗೆ, ಗೋಲ್ ಪೋಸ್ಟ್‌ನತ್ತ ಓರೆಯಾದರೆ 8, ಪೋಸ್ಟ್. ಹೆಸರಿನಲ್ಲೇ ವಿಳಾಸ ಇದೆ. ಕಾರ್ನರ್‌ಗೆ ಹಳಬರು ಫ್ಲ್ಯಾಗ್ ಅನ್ನುತ್ತಿದ್ದರು, ಆಗ ಆ ಮೂಲೆಯಲ್ಲಿ ಬಾವುಟ ಇರುತ್ತಿತ್ತು. ಬಾವುಟ ಹೋಗಿ ಕಿತ್ತಳೆ ಬಣ್ಣದ ಮೆತ್ತನೆ ಕಂಬ ಬಂತು, ಹೆಸರು ಕೆಲವರ ಬಾಯಲ್ಲಿ ಉಳಿದಿದೆ.

9 ಅಂದರೆ ಗೋ. ಓಡು, ತಿರುಗಬೇಡ. ಚೆಂಡು ಬರದಿದ್ದರೂ ಡಿಫೆಂಡರ್‌ಗಳನ್ನು ಎಳೆದುಕೊಂಡು ಹೋಗಿ ಕೆಳಗಿನವರಿಗೆ ಜಾಗ ಬಿಡಿಸುವುದು ಇದರ ಇನ್ನೊಂದು ಕೆಲಸ.

ಕೊಂಬೆಗಳನ್ನು ಜೋಡಿಸುವುದು

ಒಂಟಿ ರೂಟ್ ಗೊತ್ತಾದ ಮೇಲೆ ಜೋಡಿ ನೋಡಿ. ನನಗೆ ಇಷ್ಟವಾದದ್ದು ಸ್ಮ್ಯಾಶ್. ಹೊರಗಿನ ರಿಸೀವರ್ ಐದು ಗಜ ಹೋಗಿ ತಿರುಗಿ ನಿಲ್ಲುತ್ತಾನೆ. ಇದನ್ನು ಹಿಚ್ ಅನ್ನುತ್ತಾರೆ, ಕೆಲವರ ಮರದಲ್ಲಿ ಇದು ಸೊನ್ನೆ. ಒಳಗಿನವನು ಅವನ ತಲೆಯ ಮೇಲಿಂದ ಎಂಬಂತೆ ಕಾರ್ನರ್ ಓಡುತ್ತಾನೆ. ಆ ಅಂಚನ್ನು ಕಾಯುವ ಡಿಫೆಂಡರ್‌ಗೆ ಇತ್ತ ದರಿ ಅತ್ತ ಪುಲಿ. ಮುಂದೆ ಬಂದರೆ ಚೆಂಡು ತಲೆ ಮೇಲೆ ಹೋಗುತ್ತದೆ, ಹಿಂದೆ ಸರಿದರೆ ಹಿಚ್‌ಗೆ ಸುಲಭದ ಪಾಸ್. ಕ್ವಾರ್ಟರ್‌ಬ್ಯಾಕ್ ಆ ಒಬ್ಬನನ್ನು ನೋಡಿ ತೀರ್ಮಾನಿಸಿದರೆ ಮುಗಿಯಿತು.

ಇನ್ನೊಂದು ತುಂಟತನ ಸ್ಲಗೋ. ಸ್ಲ್ಯಾಂಟ್ ಮತ್ತು ಗೋ ಸೇರಿಸಿ ಕಟ್ಟಿದ ಹೆಸರು. ರಿಸೀವರ್ ಎರಡು ಹೆಜ್ಜೆ ಸ್ಲ್ಯಾಂಟ್ ತೋರಿಸುತ್ತಾನೆ, ಡಿಫೆಂಡರ್ ಕಸಿಯಲು ಹಾರುತ್ತಾನೆ, ಅಷ್ಟರಲ್ಲಿ ಇವನು ನೇರ ಮೇಲಕ್ಕೆ ಪರಾರಿ. ಊಹಿಸಿ ನುಗ್ಗುವ ಬಟ್ಲರ್‌ನಂಥವರಿಗೆಂದೇ ಮಾಡಿಟ್ಟ ಮದ್ದು ಇದು.

ಈಗ ಟಿವಿ ಮುಂದೆ

ಚೆಂಡಿನ ಮೇಲಿನ ಕಣ್ಣು ಕೀಳುವುದೇ ಕಷ್ಟದ ಕೆಲಸ. ಮೊದಲ ದಿನ ಒಬ್ಬ ರಿಸೀವರ್‌ನನ್ನು ಮಾತ್ರ ಆರಿಸಿಕೊಳ್ಳಿ. ಚೆಂಡು ಅವನಿಗೆ ಬರಲಿ ಬಿಡಲಿ, ಅವನು ಒಳಕ್ಕೆ ತಿರುಗಿದನೋ ಹೊರಕ್ಕೋ ನೋಡಿ. ಸಮವೋ ಬೆಸವೋ ತಿಳಿಯಿತು. ಎಷ್ಟು ದೂರ ಹೋಗಿ ತಿರುಗಿದ ಅಂತ ನೋಡಿದರೆ ನಂಬರ್ ಸಿಕ್ಕಿತು. ಮೈದಾನದ ಮೇಲೆ ಐದೈದು ಗಜಕ್ಕೆ ಬಿಳಿ ಗೆರೆ ಇದೆ, ಎಣಿಸುವುದು ಸುಲಭ.

ತೊಡಕು ಒಂದಿದೆ. ನೇರ ಪ್ರಸಾರದ ಕ್ಯಾಮೆರಾ ಚೆಂಡಿಗೇ ಅಂಟಿಕೊಂಡಿರುತ್ತದೆ. 7, 8, 9 ಓಡುವವರು ಎರಡೇ ಕ್ಷಣದಲ್ಲಿ ಪರದೆಯಿಂದ ಮಾಯ. ಅವರನ್ನು ಮೇಲಿನಿಂದ ತೋರಿಸುವ ರೀಪ್ಲೇ ಬಂದಾಗ ಹಿಡಿಯಿರಿ. ಕಾಫಿ ಬಿಸಿ ಮಾಡಲು ಆಗ ಎದ್ದು ಹೋಗಬೇಡಿ.