ಕ್ಯಾನ್‌ಕೂನ್‌ಗೆ ಹೊರಟಿದ್ದೀರಾ? ಮೋಸ ಹೋಗದೆ ತಿರುಗಾಡೋಕೆ ಇಷ್ಟು ಮಾಡಿ

ಅಮೆರಿಕದಲ್ಲಿರೋ ನಮ್ಮೋರು ಡಿಸೆಂಬರ್ ರಜೆ ಬಂತು ಅಂದ್ರೆ ಮೊದ್ಲು ನೋಡೋದೇ ಕ್ಯಾನ್‌ಕೂನ್ ಫ್ಲೈಟು, ಊರಿಂದ ಬಂದಿರೋ ಅಪ್ಪ ಅಮ್ಮನ್ನೂ ಜೊತೆಗೆ ಕರ್ಕೊಂಡು ಹೋಗ್ತಾರೆ, ಯಾಕಂದ್ರೆ ಇಂಡಿಯನ್ ಪಾಸ್‌ಪೋರ್ಟಲ್ಲಿ ಚಾಲ್ತಿಯಲ್ಲಿರೋ ಅಮೆರಿಕ ವೀಸಾ ಇದ್ರೆ ಮೆಕ್ಸಿಕೋಗೆ ಬೇರೆ ವೀಸಾ ಬೇಕಾಗಲ್ಲ. ಕೆರಿಬಿಯನ್ ಸಮುದ್ರದ ದಡದಲ್ಲಿ 1970ರ ದಶಕದಲ್ಲಿ ಮೆಕ್ಸಿಕೋ ಸರ್ಕಾರಾನೇ ಪ್ಲಾನ್ ಮಾಡಿ ಪ್ರವಾಸಿಗರಿಗೆ ಅಂತ ಕಟ್ಟಿದ ಊರು ಇದು. ಅಲ್ಲಿ ದುಡಿಯೋರಲ್ಲಿ ಬಹುಪಾಲು ಜನ ಒಳ್ಳೆಯವರೇ. ಮೋಸ ಮಾಡೋ ಕೆಲವರಿಗೆ ಬೇಕಾಗಿರೋದು ಮಾತ್ರ ನಿಮ್ಮ ಸುಸ್ತು, ನಿಮ್ಮ ಆತುರ. ಅದಕ್ಕೇ ದುಡ್ಡಿನ ತೀರ್ಮಾನ ಎಲ್ಲಾ ಮುಂಚೆನೇ ಮಾಡಿಟ್ಕೊಂಡು ಹೋಗಿ, ನಿಂತ ನಿಲುವಲ್ಲಿ ಯಾವುದಕ್ಕೂ ಹೂಂ ಅನ್ಬೇಡಿ.

ಮನೆಯಲ್ಲೇ ಮುಗಿಸ್ಕೊಳ್ಳಿ

ಕ್ಯಾನ್‌ಕೂನ್ ಇರೋದು ಕಿಂಟಾನಾ ರೂ ರಾಜ್ಯದಲ್ಲಿ, ಅವರು 2021ರಿಂದ ವಿದೇಶಿ ಪ್ರವಾಸಿಗರಿಗೆ ವಿಸಿಟ್ಯಾಕ್ಸ್ ಅಂತ ಒಂದು ಸಣ್ಣ ತೆರಿಗೆ ಹಾಕಿದಾರೆ. ಗೂಗಲ್ ಮಾಡಿದ್ರೆ ಥೇಟ್ ಸರ್ಕಾರದ್ದೇ ಅನ್ನೋ ಥರ ಕಾಣೋ ಖಾಸಗಿ ಸೈಟುಗಳು ಬರ್ತವೆ, ಅಲ್ಲಿ ಅದೇ ತೆರಿಗೆಗೆ ಜಾಸ್ತಿ ದುಡ್ಡು ಕೀಳ್ತಾರೆ. ಸೈಟ್ ಹೆಸರಿನ ಕೊನೆ ಗೊಬ್ ಡಾಟ್ ಎಂಎಕ್ಸ್ (gob.mx) ಇದೆಯಾ ನೋಡಿ, ಆಮೇಲೆ ಕಾರ್ಡ್ ನಂಬರ್ ಹಾಕಿ. ಏರ್‌ಪೋರ್ಟಿಂದ ಹೋಟೆಲಿಗೆ ಹೋಗೋ ವ್ಯಾನನ್ನೂ ಹೊರಡೋ ಮುಂಚೆನೇ ಬುಕ್ ಮಾಡಿ, ಕಂಪನಿ ಹೆಸರು, ಅವರು ನಿಂತಿರೋ ಜಾಗ, ವಾಟ್ಸಾಪ್ ನಂಬರ್ ಮೂರನ್ನೂ ಸ್ಕ್ರೀನ್‌ಶಾಟ್ ತೆಗೆದಿಟ್ಕೊಳ್ಳಿ. ಇ-ಸಿಗರೇಟ್ ಮನೆಯಲ್ಲೇ ಬಿಡಿ, ಮೆಕ್ಸಿಕೋಗೆ ಅದನ್ನ ತರೋ ಹಾಗೇ ಇಲ್ಲ.

ಏರ್‌ಪೋರ್ಟ್ ದಾಟೋದು

ಇಲ್ಲೇ ಜಾಸ್ತಿ ಜನ ಸಿಕ್ಕಿಹಾಕೊಳ್ಳೋದು. ಕಸ್ಟಮ್ಸ್ ಮುಗಿಸಿ ಹೊರಗೆ ಬರೋ ದಾರೀಲಿ ಇಸ್ತ್ರಿ ಶರ್ಟು, ಕೊರಳಲ್ಲಿ ಐಡಿ ಕಾರ್ಡು, ಕೈಲಿ ಪಟ್ಟಿ ಹಿಡ್ಕೊಂಡು ಕೌಂಟರ್ ಮುಂದೆ ಜನ ಸಾಲಾಗಿ ನಿಂತಿರ್ತಾರೆ, ನೋಡಿದ್ರೆ ಏರ್‌ಪೋರ್ಟ್ ಸಿಬ್ಬಂದಿ ಅಂತಲೇ ಅನ್ಸತ್ತೆ. ಯಾವ ಹೋಟೆಲ್ ಸರ್, ಯಾವ ಕಂಪನಿ ವ್ಯಾನು ಅಂತ ಕೇಳ್ತಾರೆ, ಹೆಸರು ಹೇಳಿದ ತಕ್ಷಣ ಪಟ್ಟಿ ನೋಡಿದ ಹಾಗೆ ಮಾಡಿ ನಿಮ್ಮ ವ್ಯಾನ್ ಹೊರಟೋಯ್ತು ಇಲ್ಲಾ ಕ್ಯಾನ್ಸಲ್ ಆಗಿದೆ ಬನ್ನಿ ಕೂತ್ಕೊಳ್ಳಿ ಅಂತಾರೆ, ಅಲ್ಲಿಂದ ಮಾತು ನಿಧಾನಕ್ಕೆ ಟೈಮ್‌ಶೇರ್ ಕಡೆ, ಅಂದ್ರೆ ವರ್ಷಕ್ಕೆ ಇಷ್ಟು ದಿನ ಅಂತ ರೆಸಾರ್ಟ್ ರೂಮಿನ ಪಾಲು ಮಾರೋ ಕಡೆ ತಿರುಗತ್ತೆ. ಕಣ್ಣಿಗೆ ಕಣ್ಣು ಕೊಡದೆ, ನಿಲ್ಲದೆ, ಒಂದು ನೋ ಗ್ರಾಸಿಯಾಸ್ (ಬೇಡ, ಥ್ಯಾಂಕ್ಸ್) ಅಂದು ಬಿಲ್ಡಿಂಗಿಂದ ಪೂರ್ತಿ ಆಚೆ ಬನ್ನಿ, ನೀವು ಬುಕ್ ಮಾಡಿದವರು ಆಚೆನೇ ಬೋರ್ಡ್ ಹಿಡ್ಕೊಂಡು ನಿಂತಿರ್ತಾರೆ. ಕರೆದಾಗ ತಿರುಗಿ ನೋಡದೆ ಹೋಗೋದು ನಮ್ಮ ಹಿರಿಯರಿಗೆ ಸಂಕಟ, ಮರ್ಯಾದೆಗೆ ನಿಂತೇ ಬಿಡ್ತಾರೆ, ಹಾಗಾಗಿ ಅಪ್ಪ ಅಮ್ಮಂಗೆ ಫ್ಲೈಟಲ್ಲೇ ಹೇಳಿಟ್ಟಿರಿ. ವ್ಯಾನ್ ಬುಕ್ ಮಾಡಿಲ್ಲ ಅಂದ್ರೆ ಎಡಿಒ ಕಂಪನಿ ಬಸ್ ಇದೆ, ಊರೊಳಗಿನ ಬಸ್‌ಸ್ಟ್ಯಾಂಡಿಗೂ ಅದೇ ಕರಾವಳೀಲಿರೋ ಪ್ಲಾಯಾ ಡೆಲ್ ಕಾರ್ಮೆನ್ ಊರಿಗೂ ಹೋಗತ್ತೆ, ಎಸಿ ಬಸ್ಸು, ಟಿಕೆಟ್ ದರದಲ್ಲಿ ಚೌಕಾಸಿ ಇಲ್ಲ.

ಟ್ಯಾಕ್ಸಿ, ಬಸ್ಸು

ಟ್ಯಾಕ್ಸೀಲಿ ಮೀಟರ್ ಇರಲ್ಲ. ಹತ್ತೋ ಮುಂಚೆ ಹೋಟೆಲ್ ರಿಸೆಪ್ಷನ್ನಲ್ಲಿ ಎಷ್ಟಾಗತ್ತೆ ಕೇಳ್ಕೊಂಡು, ಡ್ರೈವರ್ ಹತ್ರ ಮೆಕ್ಸಿಕೋ ದುಡ್ಡು ಪೆಸೊದಲ್ಲೇ ರೇಟು ಮಾತಾಡಿ, ಎಷ್ಟು ಜನಕ್ಕೆ ಅನ್ನೋದನ್ನೂ ಬಾಯಿಬಿಟ್ಟು ಹೇಳಿ ಆಮೇಲೆ ಕೂರಿ. ಊಬರ್ ಓಡತ್ತೆ, ಆದ್ರೆ 2023ರ ಜನವರೀಲಿ ಕೋರ್ಟ್ ಊಬರ್ ಪರ ಆದೇಶ ಕೊಟ್ಟಾಗ ಟ್ಯಾಕ್ಸಿಯವರು ರಸ್ತೆ ತಡೆ ಮಾಡಿದ್ರು, ಪ್ರಯಾಣಿಕರನ್ನ ಕಾರಿಂದ ಇಳಿಸಿದ ಘಟನೆಗಳೂ ಆದ್ವು, ಹಾಗಾಗಿ ಟ್ಯಾಕ್ಸಿ ಸ್ಟ್ಯಾಂಡ್ ಎದುರಿಗೇ ನಿಂತು ಊಬರ್ ಕರೀಬೇಡಿ. ಬೀಚ್ ಪಕ್ಕ ಹೋಟೆಲುಗಳೇ ಸಾಲಾಗಿರೋ ಹೋಟೆಲ್ ಜೋನ್ ಒಳಗಡೆ ಆದ್ರೆ ಆರ್-1, ಆರ್-2 ಬಸ್ಸೇ ಸಾಕು.

ದುಡ್ಡು

ಮೆಕ್ಸಿಕೋದಲ್ಲಿ ಪೆಸೊಗೂ ಡಾಲರ್ ಚಿಹ್ನೇನೇ ಹಾಕ್ತಾರೆ. ಮೆನೂಲಿ 200 ಅಂತ ಇದ್ರೆ ಅದು ಪೆಸೊ, ಬಿಲ್ ಕೊಡೋವಾಗ ಡಾಲರ್ ಅಂತ ಹೇಳಿದ್ರೆ ಒಪ್ಕೋಬೇಡಿ, ಆರ್ಡರ್ ಕೊಡೋವಾಗ್ಲೇ ಕೇಳಿಬಿಡಿ. ನೋಟಲ್ಲೂ ಒಂದು ಕಣ್ಕಟ್ಟು ಇದೆ, 500ರ ನೋಟೂ ಹಳೇ 20ರ ನೋಟೂ ಎರಡೂ ನೀಲಿ, ಎರಡರಲ್ಲೂ ಬೆನಿಟೊ ಹುವಾರೆಜ್ ಮುಖಾನೇ. ನೀವು 500 ಕೊಟ್ರೆ ಕೈ ತಿರುಗಿಸಿ ನೀವು ಕೊಟ್ಟಿದ್ದು 20 ಅಂತ ತೋರಿಸ್ಬಿಡಬಹುದು, ಹಾಗಾಗಿ ನೋಟು ಬಿಡಿಸಿ ಹಿಡಿದು ಕಿನಿಯೆಂತೋಸ್ ಅಂತ ಜೋರಾಗಿ ಹೇಳ್ಕೊಂಡೇ ಕೊಡಿ, ಸ್ಪ್ಯಾನಿಶಲ್ಲಿ ಐನೂರಕ್ಕೆ ಹಾಗಂತಾರೆ.

ಎಟಿಎಂ ಬೇಕಾದ್ರೆ ಬ್ಯಾಂಕ್ ಒಳಗಿರೋದನ್ನೇ ಹುಡುಕಿ, ಹಗಲಲ್ಲಿ ಹೋಗಿ. ಬೀದೀಲಿ, ಅಂಗಡಿ ಮೂಲೇಲಿ ಒಂಟಿಯಾಗಿ ನಿಂತಿರೋ ಮಷೀನ್ ಬೇಡ, ಆ ಕರಾವಳೀಲಿ ಎಟಿಎಂ ಒಳಗೇ ಬ್ಲೂಟೂತ್ ಸ್ಕಿಮ್ಮರ್ ಇಟ್ಟು ಕಾರ್ಡ್ ಮಾಹಿತಿ ಕದಿಯೋ ಜಾಲ 2015ರಲ್ಲೇ ಬಯಲಾಗಿದೆ. ದುಡ್ಡು ಬರೋ ಮುಂಚೆ ಸ್ಕ್ರೀನಲ್ಲಿ ಒಂದು ರೇಟ್ ತೋರಿಸಿ ಕನ್ವರ್ಷನ್ ಒಪ್ಕೋತೀರಾ ಅಂತ ಕೇಳತ್ತೆ, ಡಿಕ್ಲೈನ್ ಒತ್ತಿ. ಕ್ಯಾನ್ಸಲ್ ಆಗೋಗತ್ತೇನೋ ಅಂತ ಹೆದರಬೇಡಿ, ದುಡ್ಡು ಬರತ್ತೆ, ನಿಮ್ಮ ಬ್ಯಾಂಕಿನ ರೇಟೇ ಬೀಳತ್ತೆ, ಅದೇ ಲಾಭ.

ಟೈಮ್‌ಶೇರ್ ಮೀಟಿಂಗ್

ಫ್ರೀ ಬ್ರೇಕ್‌ಫಾಸ್ಟು, ಮಾಯಾ ಪಿರಮಿಡ್ ಇರೋ ಚಿಚೆನ್ ಇಟ್ಸಾ ಟೂರ್ ಅರ್ಧ ರೇಟಿಗೆ, ಬರೀ 90 ನಿಮಿಷ ಕೂತು ಕೇಳಿದ್ರೆ ಸಾಕು ಅಂತ ಕರೀತಾರೆ. 90 ನಿಮಿಷ ಅರ್ಧ ದಿನ ಆಗತ್ತೆ. ಬೇಡ ಅಂದಾಗೆಲ್ಲ ಇನ್ನೊಬ್ಬ ಮ್ಯಾನೇಜರ್ ಬರ್ತಾನೆ, ರೇಟ್ ಇಳೀತಾ ಹೋಗತ್ತೆ, ಈ ಆಫರ್ ಇವತ್ತಿಗೆ ಮಾತ್ರ ಅಂತಾನೆ, ಮಕ್ಕಳು ಹಸಿವು ಅಂತ ಅಳ್ತಿರ್ತಾವೆ, ಮುಗೀಲಿ ಅಂತ ಜನ ಕಾರ್ಡ್ ಕೊಟ್ಟೇ ಬಿಡ್ತಾರೆ. ನನ್ನ ಕೇಳಿದ್ರೆ ರಜೆಯ ಒಂದು ಬೆಳಗ್ಗೆಗೆ ಆ ತಿಂಡಿಗಿಂತ ಬೆಲೆ ಜಾಸ್ತಿ, ಹೋಗ್ಲೇಬೇಡಿ. ಈಗಾಗ್ಲೇ ಸಹಿ ಹಾಕಿದ್ರೆ ಗಾಬರಿ ಬೇಡ, ಮೆಕ್ಸಿಕೋ ಕಾನೂನಲ್ಲಿ ಸಹಿ ಹಾಕಿದ ಮೇಲೆ 5 ಕೆಲಸದ ದಿನದೊಳಗೆ ದಂಡ ಇಲ್ಲದೆ ರದ್ದು ಮಾಡೋ ಹಕ್ಕಿದೆ. ಬಾಯಲ್ಲಿ ಹೇಳಿದ್ರೆ ಆಗಲ್ಲ, ಪತ್ರ ಬರೆದು ಕೊಟ್ಟು ತಲುಪಿದೆ ಅಂತ ಸೀಲ್ ಹಾಕಿಸ್ಕೊಳ್ಳಿ, ಇಮೇಲೂ ಮಾಡಿ, ಒಪ್ಪಲಿಲ್ಲ ಅಂದ್ರೆ ಪ್ರೊಫೆಕೊ ಅನ್ನೋ ಗ್ರಾಹಕ ರಕ್ಷಣಾ ಇಲಾಖೆಗೆ ದೂರು ಕೊಡಿ. ವಾಪಸ್ ಮನೆಗೆ ಹೋಗಿ ಯೋಚನೆ ಮಾಡೋಣ ಅನ್ನೋಷ್ಟರಲ್ಲಿ ಆ ದಿನಗಳು ಕಳೆದುಹೋಗಿರ್ತವೆ.

ಕಾರ್ ತಗೊಂಡ್ರೆ

ಆನ್‌ಲೈನಲ್ಲಿ ದಿನಕ್ಕೆ ಐದಾರು ಡಾಲರ್ ಅಂತ ತೋರಿಸೋ ಕಾರಿಗೆ ಕೌಂಟರಲ್ಲಿ ಥರ್ಡ್ ಪಾರ್ಟಿ ಇನ್ಶೂರೆನ್ಸ್ ಸೇರತ್ತೆ, ಅದು ಕಡ್ಡಾಯ, ನಿಮ್ಮ ಕ್ರೆಡಿಟ್ ಕಾರ್ಡ್ ಸಾಮಾನ್ಯವಾಗಿ ಅದನ್ನ ಕವರ್ ಮಾಡಲ್ಲ. ಎಲ್ಲಾ ಸೇರಿದ ರೇಟನ್ನ ಇಮೇಲಲ್ಲಿ ತರಿಸ್ಕೊಂಡು ಹೋಗಿ. ಕಾರಿನ ಸುತ್ತ ವಿಡಿಯೋ ತೆಗೀರಿ. ಪೆಟ್ರೋಲ್ ಬಂಕಲ್ಲಿ ನಮ್ಮೂರ ಥರಾನೇ ಅವರೇ ಹಾಕ್ತಾರೆ, ನಮ್ಮೂರಲ್ಲಿ ನೋಡೋ ಹಾಗೇ ಝೀರೋ ನೋಡಿ. ತುಲುಮ್ ಅನ್ನೋ ಹಳೇ ಮಾಯಾ ಕೋಟೆ ದಾರೀಲಿ ಯೂನಿಫಾರ್ಮ್ ಥರದ ಶರ್ಟ್ ಹಾಕ್ಕೊಂಡು ಕೈ ಬೀಸಿ ಪಾರ್ಕಿಂಗ್ ಇಲ್ಲೇ ಟಿಕೆಟ್ ಇಲ್ಲೇ ಅನ್ನೋರು ಟೂರ್ ಮಾರೋರು, ನಿಜವಾದ ಟಿಕೆಟ್ ಕೌಂಟರ್ ಮುಂದೆ ಇದೆ. ಪೊಲೀಸ್ ನಿಲ್ಲಿಸಿ ಕೈಲೇ ಕ್ಯಾಶ್ ಕೊಡಿ ಅಂದ್ರೆ ಸಮಾಧಾನವಾಗಿ ರಸೀದಿ ಬರೀರಿ, ಸ್ಟೇಷನ್ನಲ್ಲಿ ಕಟ್ತೀನಿ ಅನ್ನಿ.

ಸಮುದ್ರ, ಔಷಧಿ

ಬೀಚಲ್ಲಿ ಬಾವುಟ ನೋಡದೆ ನೀರಿಗೆ ಇಳೀಬೇಡಿ. ಹಸಿರು ಸರಿ, ಹಳದಿ ಹುಷಾರು, ಕೆಂಪು ಅಪಾಯ, ಕಪ್ಪು ಇದ್ರೆ ಕಾಲೂ ಇಡಬೇಡಿ, ತೆರೆದ ಸಮುದ್ರದ ಕಡೆಯ ಸೆಳೆತ ನಿಜಕ್ಕೂ ಜೋರು. ಬೀದಿ ಫಾರ್ಮಸೀಲಿ ಬಿಡಿ ಮಾತ್ರೆ ತಗೋಬೇಡಿ, ನಕಲಿ ಮಾತ್ರೆ ಬಗ್ಗೆ 2023ರಲ್ಲಿ ಅಮೆರಿಕ ಸರ್ಕಾರಾನೇ ಎಚ್ಚರಿಕೆ ಕೊಟ್ಟಿತ್ತು, ಬಿಪಿ ಶುಗರ್ ಮಾತ್ರೆ ಎಲ್ಲಾ ಮನೆಯಿಂದಲೇ ಒಯ್ಯಿರಿ.

ಪಾಸ್‌ಪೋರ್ಟ್

ನಮಗೆ ಇದು ಎಲ್ಲಕ್ಕಿಂತ ಮುಖ್ಯ, ಯಾಕಂದ್ರೆ ಪಾಸ್‌ಪೋರ್ಟ್ ಹೋದ್ರೆ ಅದರಲ್ಲಿರೋ ಅಮೆರಿಕ ವೀಸಾನೂ ಹೋಯ್ತು, ವಾಪಸ್ ಹೋಗೋ ದಾರೀನೇ ಮುಚ್ಚಿದ ಹಾಗೆ. ರೂಮಿನ ಲಾಕರಲ್ಲಿಟ್ಟು ಬೀಚಿಗೆ ಫೋಟೋಕಾಪಿ ಒಯ್ಯಿರಿ, ವೀಸಾ ಪುಟದ್ದೂ ಐ-94ದೂ (ಅಮೆರಿಕದೊಳಗೆ ಬಂದಿದ್ದರ ದಾಖಲೆ) ಫೋಟೋ ಇಮೇಲಲ್ಲಿರ್ಲಿ. ಆದ್ರೂ ಕಳೆದೋದ್ರೆ 911ಗೆ ಫೋನ್ ಮಾಡಿ, ದೂರು ಕೊಟ್ಟು ಪ್ರತಿ ತಗೊಂಡು ಮೆಕ್ಸಿಕೋ ಸಿಟೀಲಿರೋ ಭಾರತದ ರಾಯಭಾರ ಕಚೇರಿಗೆ ಮಾತಾಡಿ. ಅಲ್ಲಿಗೆ ವಿಮಾನದಲ್ಲೇ ಹೋಗ್ಬೇಕು, ವಿಮಾನ ಹತ್ತೋಕೆ ಗುರುತಿನ ಚೀಟಿ ಬೇಕು, ಅದಕ್ಕೇ ಡ್ರೈವಿಂಗ್ ಲೈಸೆನ್ಸ್ ಮತ್ತೆ ಒಂದು ಕ್ರೆಡಿಟ್ ಕಾರ್ಡನ್ನ ಪಾಸ್‌ಪೋರ್ಟ್ ಇರೋ ಬ್ಯಾಗಲ್ಲಿ ಇಡದೆ ಬೇರೆ ಕಡೆ ಇಟ್ಟಿರಿ.