ಚಿತ್ರದುರ್ಗದ ಗಾಳಿಗೆ ಒಗ್ಗಿದ ದೂರದರ್ಶಕ: ನನ್ನ ಅನುಭವ

ನೀಹಾರಿಕೆ, ಗೆಲಾಕ್ಸಿಗಳಂಥ ಆಳ ಆಕಾಶದ ಕಾಯಗಳ ಛಾಯಾಗ್ರಹಣಕ್ಕೆ 61 ಮಿಲಿಮೀಟರ್ ವ್ಯಾಸದ ಮಸೂರದ ದೂರದರ್ಶಕ ಏನೇನೂ ಸಾಲದು ಎಂದು ನಮ್ಮ ಭಾಗದ ಹಿರಿಯ ಹವ್ಯಾಸಿಗಳಲ್ಲಿ ಬಹುತೇಕರು ನನಗೆ ಹೇಳಿದ್ದರು. “ಏನಪ್ಪಾ, ಇದು ಫೈಂಡರ್ ಇದ್ದಂಗೈತಲ್ಲ” ಎಂದು, ದೊಡ್ಡ ದೂರದರ್ಶಕಕ್ಕೆ ಗುರಿ ಹಿಡಿಯಲು ಕಟ್ಟುವ ಪುಟ್ಟ ದುರ್ಬೀನಿಗೆ ಹೋಲಿಸಿ, ದಾವಣಗೆರೆಯ ಹಿರಿಯರೊಬ್ಬರು ನೇರವಾಗಿಯೇ ಕೇಳಿದ್ದರು. ಅದೇ ಮಸೂರದಿಂದ ತೆಗೆದ ಕುದುರೆ ತಲೆ ನೀಹಾರಿಕೆಯ ಚಿತ್ರ ಇಂದು ಅವರ ಮನೆಯ ಗೋಡೆಯ ಮೇಲಿದೆ. ಆದ್ದರಿಂದ ನಾನು ಈ ಆಯ್ಕೆಗೆ ಬಂದ ದಾರಿಯನ್ನು ಈಗ ಧೈರ್ಯವಾಗಿ ಬರೆಯಬಹುದು. ಗೈಡಿಂಗ್ (ಒಂದು ನಕ್ಷತ್ರವನ್ನು ಹಿಂಬಾಲಿಸುತ್ತ ದೂರದರ್ಶಕದ ಗುರಿ ಸರಿಪಡಿಸುವುದು), ಸ್ಟ್ಯಾಕಿಂಗ್ (ಹಲವು ಚಿತ್ರಗಳನ್ನು ಒಂದಾಗಿ ಪೇರಿಸುವುದು), ಫ್ಲಾಟ್, ಡಾರ್ಕ್ (ಚಿತ್ರದ ಕಲೆ, ದೋಷಗಳನ್ನು ತೆಗೆಯಲು ಬಳಸುವ ಚಿತ್ರಗಳು) ಇವೆಲ್ಲ ಗೊತ್ತಿರುವವರಿಗಾಗಿ ಇದು. ಅವುಗಳ ಹೆಚ್ಚಿನ ವಿವರಣೆಗೆ ಇಲ್ಲಿ ಹೋಗುವುದಿಲ್ಲ.

ಅವರ ವಾದದಲ್ಲಿ ಲೆಕ್ಕವಿತ್ತು. ಎಂಟು ಅಂಗುಲದ ನ್ಯೂಟೋನಿಯನ್, ಎಂದರೆ ದರ್ಪಣದ ದೂರದರ್ಶಕ, 61 ಮಿಲಿಮೀಟರ್ ಮಸೂರಕ್ಕಿಂತ ಸುಮಾರು 11 ಪಟ್ಟು ಹೆಚ್ಚು ಬೆಳಕನ್ನು ಸಂಗ್ರಹಿಸುತ್ತದೆ, ಮೇಲಾಗಿ ಅದರ ಬೆಲೆಯೂ ಕಡಿಮೆ. ಕಣ್ಣಿಟ್ಟು ನೋಡುವವರಿಗೆ ಇದಕ್ಕಿಂತ ಒಳ್ಳೆಯ ಸಲಹೆ ಇಲ್ಲ. ಆದರೆ ಆ ನ್ಯೂಟೋನಿಯನ್‌ನ ಸಂಗಮ ದೂರ 1000 ಮಿಲಿಮೀಟರ್, ಎಂದರೆ ಎಫ್ 5 (ಸಂಗಮ ದೂರವನ್ನು ವ್ಯಾಸದಿಂದ ಭಾಗಿಸಿದರೆ ಸಿಗುವ ಸಂಖ್ಯೆ). ನನ್ನದು 360 ಮಿಲಿಮೀಟರ್, ಎಫ್ 5.9. ಹರಡಿಕೊಂಡ ನೀಹಾರಿಕೆಯ ಬೆಳಕು ಪ್ರತಿ ಪಿಕ್ಸೆಲ್‌ಗೆ ಎಷ್ಟು ಬೀಳುತ್ತದೆ ಎಂಬುದನ್ನು ನಿರ್ಧರಿಸುವುದು ಎಫ್ ಸಂಖ್ಯೆಯೇ ಆದ್ದರಿಂದ, ಅವರು ಐದು ಗಂಟೆ ತೆರೆದಿಟ್ಟು ಪಡೆಯುವುದನ್ನು ನಾನು ಏಳು ಗಂಟೆಯಲ್ಲಿ ಪಡೆಯುತ್ತೇನೆ. ನವೆಂಬರ್‌ನಿಂದ ಮಾರ್ಚ್‌ವರೆಗೆ ಒಣ ರಾತ್ರಿಗಳು ಸಾಲುಸಾಲಾಗಿ ಸಿಗುವ ನಮ್ಮ ಸೀಮೆಯಲ್ಲಿ ಎರಡು ಗಂಟೆ ದೊಡ್ಡ ನಷ್ಟವೇನಲ್ಲ. ಇನ್ನು ದೇವಯಾನಿ ಗೆಲಾಕ್ಸಿಯ ಉದ್ದ ಮೂರು ಡಿಗ್ರಿ. ನನ್ನ ಹಳೆಯ ಕೆನಾನ್ 600ಡಿ ಕ್ಯಾಮೆರಾದಲ್ಲಿ 1000 ಮಿಲಿಮೀಟರ್‌ಗೆ ಸಿಗುವ ನೋಟ 1.3 ಡಿಗ್ರಿಯಷ್ಟೇ, 360ಕ್ಕೆ ಮೂರೂವರೆ ಡಿಗ್ರಿ ಸಿಗುತ್ತದೆ.

ಆದರೂ ನಿಜವಾದ ತೀರ್ಮಾನವನ್ನು ಮಾಡಿದ್ದು ಗಾಳಿ. ಚಿತ್ರದುರ್ಗದ ಗುಡ್ಡಸಾಲುಗಳ ಮೇಲೆ ಗಾಳಿಯಂತ್ರಗಳನ್ನು ನೆಟ್ಟಿರುವುದು ಸುಮ್ಮನೆ ಅಲ್ಲ. ನಾನು ಚಿತ್ರ ತೆಗೆಯುವುದು ಚಳ್ಳಕೆರೆ ಕಡೆಯ ಗೆಳೆಯರೊಬ್ಬರ ಶೇಂಗಾ ಹೊಲದಲ್ಲಿ. ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ತಾಲ್ಲೂಕುಗಳಲ್ಲಿ ಅದೂ ಒಂದು, ಕತ್ತಲೆಯೂ ಚೆನ್ನಾಗಿದೆ, ಆದರೆ ತಡೆಯಲು ಒಂದು ಮರವೂ ಇಲ್ಲ. ಕೊಳ್ಳುವ ಮೊದಲು ಒಂದು ಇಡೀ ಚಳಿಗಾಲ ಎರವಲು ತಂದ ಎಂಟು ಅಂಗುಲದ ನ್ಯೂಟೋನಿಯನ್ನನ್ನೇ ಅಲ್ಲಿ ಹೂಡಿದ್ದೆ. ಕ್ಯಾಮೆರಾ, ಉಂಗುರಗಳು ಸೇರಿ ಹತ್ತು ಕಿಲೋ ದಾಟುವ ಆ ದಪ್ಪ ಕೊಳವೆ ಗಾಳಿಗೆ ಹಾಯಿಯಂತೆ ಎದೆಯೊಡ್ಡುತ್ತಿತ್ತು. ಗಾಳಿ ನಿಂತಾಗ ಒಂದು ಆರ್ಕ್ ಸೆಕೆಂಡ್ (ಡಿಗ್ರಿಯ 3600ನೇ ಒಂದು ಭಾಗ) ಆಸುಪಾಸಿನಲ್ಲಿರುತ್ತಿದ್ದ ಗೈಡಿಂಗ್ ದೋಷ ಬೀಸಿದೊಡನೆ ಮೂರು, ನಾಲ್ಕಕ್ಕೆ ಏರುತ್ತಿತ್ತು. ಆ ಸಂಗಮ ದೂರದಲ್ಲಿ ನನ್ನ ಒಂದು ಪಿಕ್ಸೆಲ್ 0.9 ಆರ್ಕ್ ಸೆಕೆಂಡ್ ಆಗುವುದರಿಂದ ನಕ್ಷತ್ರಗಳೆಲ್ಲ ಶೇಂಗಾ ಕಾಳಿನ ಆಕಾರಕ್ಕೆ ಬರುತ್ತಿದ್ದವು, ಅರ್ಧಕ್ಕಿಂತ ಹೆಚ್ಚು ಫ್ರೇಮುಗಳನ್ನು ಎಸೆಯಬೇಕಾಗುತ್ತಿತ್ತು. ಹೊಲದ ದಾರಿಯ ಕುಲುಕಾಟಕ್ಕೆ ದರ್ಪಣಗಳ ಹೊಂದಾಣಿಕೆ ಪ್ರತಿ ಸಲವೂ ತಪ್ಪಿ, ಕತ್ತಲಾದ ಮೇಲಿನ ಮೊದಲ ಗಂಟೆ ಅದನ್ನು ಸರಿಪಡಿಸುವುದಕ್ಕೇ ಹೋಗುತ್ತಿತ್ತು. 360 ಮಿಲಿಮೀಟರ್‌ನಲ್ಲಿ ಒಂದು ಪಿಕ್ಸೆಲ್ ಸುಮಾರು ಎರಡೂವರೆ ಆರ್ಕ್ ಸೆಕೆಂಡ್. ಅದೇ ಗಾಳಿ, ಅದೇ ಮೌಂಟ್ (ದೂರದರ್ಶಕವನ್ನು ಹೊತ್ತು ಆಕಾಶದ ಜೊತೆ ತಿರುಗಿಸುವ ಪೀಠ), ಆದರೆ ಮೂರು ಕಿಲೋ ಮೀರದ ಗಿಡ್ಡ ಕೊಳವೆ. ಈಗ ಹತ್ತರಲ್ಲಿ ಒಂದೋ ಎರಡೋ ಫ್ರೇಮ್ ಮಾತ್ರ ಕಸಕ್ಕೆ ಹೋಗುತ್ತವೆ.

ಹಣದ ವಿಷಯದಲ್ಲಿ ನನ್ನ ಮಾತು ಖಚಿತ: ಮೊದಲು ಮೌಂಟ್. ನನಗೆ ಅದಕ್ಕೆ ಲಕ್ಷ ರೂಪಾಯಿಯ ಹತ್ತಿರ ಹತ್ತಿರ ಆಯಿತು. ದೂರದರ್ಶಕ ಮತ್ತು ಫ್ಲಾಟ್ನರ್ (ಚಿತ್ರದ ಮೂಲೆಯ ನಕ್ಷತ್ರಗಳನ್ನೂ ದುಂಡಗಾಗಿಸುವ ಮಸೂರ) ಸೇರಿ ಅರವತ್ತು ಸಾವಿರದ ಆಸುಪಾಸು, ಸುಂಕವೂ ಸೇರಿ. ಕ್ಯಾಮೆರಾ ಸೆಕೆಂಡ್ ಹ್ಯಾಂಡ್. ಒಳಗಿನ ಫಿಲ್ಟರ್ ತೆಗೆಸಿದ ಮೇಲೂ ಇಪ್ಪತ್ತೈದು ಸಾವಿರ ದಾಟಲಿಲ್ಲ. ಆ ಫಿಲ್ಟರ್ ತೆಗೆಸದಿದ್ದರೆ 656 ನ್ಯಾನೋಮೀಟರ್‌ನ ಹೈಡ್ರೋಜನ್ ಕೆಂಪಿನ ಬಹುಪಾಲು ಸೆನ್ಸಾರನ್ನು ಮುಟ್ಟುವುದೇ ಇಲ್ಲ.

ಹಗುರ ಕೊಳವೆಗೆ ನಮ್ಮ ಅಕ್ಷಾಂಶದಲ್ಲಿ ಇನ್ನೊಂದು ಲಾಭವಿದೆ, ಅದನ್ನು ಯಾರೂ ಹೇಳಿರಲಿಲ್ಲ. ಇಲ್ಲಿ ಧ್ರುವ ನಕ್ಷತ್ರ ಇರುವುದು ದಿಗಂತದಿಂದ 14 ಡಿಗ್ರಿ ಮೇಲೆ. ಮೌಂಟಿನ ಅಕ್ಷವನ್ನು ಧ್ರುವದ ಕಡೆಗೆ ಅಷ್ಟು ಕೆಳಕ್ಕೆ ಬಾಗಿಸಿದಾಗ ಪ್ರತಿಭಾರದ ಸಲಾಕೆ ಟ್ರೈಪಾಡಿನ ಕಾಲಿನ ಸಮೀಪಕ್ಕೇ ಬರುತ್ತದೆ, ಭಾರವಾದ ದೂರದರ್ಶಕಕ್ಕೆ ಎರಡು ಮೂರು ತೂಕದ ಗುಂಡುಗಳನ್ನು ತುದಿಯವರೆಗೆ ಏರಿಸಿದರೆ ತಾಗಿಯೇ ತಾಗುತ್ತದೆ. ನನಗೆ ಒಂದೇ ಗುಂಡು ಸಾಕು, ಅದೂ ಸಲಾಕೆಯ ಮೇಲ್ಭಾಗದಲ್ಲಿ. ಉತ್ತರದ ಧೂಳುಮಬ್ಬಿನಲ್ಲಿ ಧ್ರುವ ಕಾಣದ ರಾತ್ರಿಗಳೇ ಹೆಚ್ಚು, ಆದ್ದರಿಂದ ಮೌಂಟನ್ನು ಧ್ರುವಕ್ಕೆ ಹೊಂದಿಸಲು ನೀನಾ ತಂತ್ರಾಂಶದ ಮೂರು ಬಿಂದುಗಳ ಜೋಡಣೆಯನ್ನೇ ನಂಬಿದ್ದೇನೆ. ಆಕಾಶದ ಬೇರೆ ಯಾವ ಭಾಗ ಕಂಡರೂ ಅದು ನಡೆಯುತ್ತದೆ.

ಫ್ಲಾಟ್ನರ್ ಮತ್ತು ಸೆನ್ಸಾರಿನ ನಡುವಿನ 55 ಮಿಲಿಮೀಟರ್ ಅಂತರ ಎಲ್ಲರಿಗೂ ಗೊತ್ತು. ನಡುವೆ ಫಿಲ್ಟರ್ ಇಟ್ಟರೆ ಅದರ ದಪ್ಪದ ಮೂರನೇ ಒಂದು ಭಾಗವನ್ನು ಕೂಡಿಸಬೇಕೆಂಬುದೂ ಗೊತ್ತು. ನನ್ನ ಮೂಲೆಯ ನಕ್ಷತ್ರಗಳು ಅದರಾಚೆಗೂ ಹೇಗೆ ದುಂಡಗಾದವು ಎಂಬುದನ್ನು ಮಾತ್ರ ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ನಡುವೆ ಮಾಡಿದ ಕೆಲವು ಪ್ರಯೋಗಗಳನ್ನೂ ಹೇಳಬೇಕು. ಗಾಳಿ ತಡೆಯಲು ಮೊದಲು ಟಾರ್ಪಾಲಿನ್ ಕಟ್ಟಿದೆ. ಅದು ಪಟಪಟ ಬಡಿದುಕೊಂಡು ನೆಲವನ್ನೇ ನಡುಗಿಸಿತು, ಅದನ್ನು ದಾಟಿ ಬಂದ ಗಾಳಿ ಹಿಂದೆ ಸುಳಿಯಾಗಿ ತಿರುಗಿತು. ಚನ್ನಗಿರಿ ಕಡೆ ಅಡಿಕೆ ಸಸಿಗಳಿಗೆ ಕಟ್ಟುವ ಹಸಿರು ಶೇಡ್ ನೆಟ್ ಬಹಳ ಅಗ್ಗ, ಗಾಳಿಯನ್ನು ಪೂರ್ತಿ ತಡೆಯದೆ ಸೋಸಿ ಬಿಡುತ್ತದೆ. ಅದನ್ನು ಎಷ್ಟು ದೂರದಲ್ಲಿ, ಎಷ್ಟು ಎತ್ತರಕ್ಕೆ ಕಟ್ಟಬೇಕೆಂಬುದನ್ನು ನಿಮ್ಮ ಹೊಲವೇ ಹೇಳಬೇಕು. ಧೂಳಿನ ಕಲೆಗಳಿಗೆ ಫ್ಲಾಟ್ ಬೇಕೇ ಬೇಕು, ಅದಕ್ಕೆ ಬೆಳಕಿನ ಫಲಕ ಕೊಳ್ಳುವ ಬದಲು ದಾವಣಗೆರೆಯಲ್ಲಿ ಕೊಂಡ ಬಿಳಿ ಹತ್ತಿ ಬಟ್ಟೆಯನ್ನು ಎರಡು ಪದರವಾಗಿ ಬಿಗಿದು ಬೆಳಗಿನ ಜಾವದ ಆಕಾಶಕ್ಕೆ ಹಿಡಿಯುತ್ತೇನೆ.

ದಾವಣಗೆರೆಯ ತಾರಸಿಯ ಮೇಲೂ ಪರೀಕ್ಷಿಸಿದೆ. ಹಳೆಯ ಬಗೆಯ ಸಿಟಿ ಫಿಲ್ಟರುಗಳು ಸೋಡಿಯಂ ದೀಪದ 589 ನ್ಯಾನೋಮೀಟರ್ ಬೆಳಕನ್ನು ತಡೆಯುವಂಥವು. ಬೀದಿಗಳೆಲ್ಲ ಬಿಳಿ ಎಲ್‌ಇಡಿಗೆ ಬದಲಾದ ಮೇಲೆ ಅವುಗಳಿಂದ ಹೆಚ್ಚು ಪ್ರಯೋಜನವಿಲ್ಲ, ಎರವಲು ತಂದದ್ದನ್ನು ಒಂದೇ ವಾರದಲ್ಲಿ ಹಿಂದಿರುಗಿಸಿದೆ. ಹೈಡ್ರೋಜನ್ ಮತ್ತು ಆಮ್ಲಜನಕದ ಎರಡೇ ಕಿರಿದಾದ ಪಟ್ಟಿಗಳನ್ನು ಬಿಡುವ ಫಿಲ್ಟರಿಗೆ ಹದಿನೈದು ಸಾವಿರದಷ್ಟು ಕೊಟ್ಟೆ. ಏಕಶೃಂಗಿ ನಕ್ಷತ್ರಪುಂಜದ ರೋಸೆಟ್ ನೀಹಾರಿಕೆ ಊರ ನಡುವಿನ ತಾರಸಿಯಿಂದಲೇ ಎಸಳೆಸಳಾಗಿ ಬಂದಾಗ ನನಗಾದ ಸಂತೋಷ ಅಷ್ಟಿಷ್ಟಲ್ಲ. ಗೆಲಾಕ್ಸಿಗಳಿಗೆ ಮಾತ್ರ ಅದು ಆಗದು. ಅವುಗಳ ಬೆಳಕು ಇಡೀ ರೋಹಿತದಲ್ಲಿ ಹರಡಿರುತ್ತದೆ.

ಕುದುರೆ ತಲೆಯ ಆ ಚಿತ್ರ ಚಳ್ಳಕೆರೆಯದು: ಮೂರು ಮೂರು ನಿಮಿಷದ ಫ್ರೇಮುಗಳು, ಒಟ್ಟು ಏಳು ಗಂಟೆಯ ಆಸುಪಾಸು. ಆ ನೀಹಾರಿಕೆ ಇರುವ ಮಹಾವ್ಯಾಧ ನಕ್ಷತ್ರಪುಂಜ ನಮ್ಮಲ್ಲಿ 70 ಡಿಗ್ರಿಯಷ್ಟು ಮೇಲೇರುವುದರಿಂದ ದಿಗಂತದ ಧೂಳು ಅದನ್ನು ಮುಟ್ಟುವುದಿಲ್ಲ. ಮಾರ್ಚ್ ನಂತರದ ಕನ್ಯಾ ರಾಶಿಯ ಗೆಲಾಕ್ಸಿಗಳ ಕಥೆ ಬೇರೆ. ಮಾರ್ಕೇರಿಯನ್ ಸರಣಿ ಎಂಬ ಗೆಲಾಕ್ಸಿಗಳ ಸಾಲು ಇಡಿಯಾಗಿ ಚೌಕಟ್ಟಿನಲ್ಲಿ ಕೂರುತ್ತದೆ, ಆದರೆ ಸಾಂಬ್ರೇರೋ ಗೆಲಾಕ್ಸಿ ನನ್ನ ಚಿತ್ರದಲ್ಲಿ ಇನ್ನೂರು ಚಿಲ್ಲರೆ ಪಿಕ್ಸೆಲ್ ಉದ್ದಕ್ಕೇ ಮುಗಿದುಹೋಗುತ್ತದೆ. ಅದಕ್ಕೆ ಹೆಚ್ಚಿನ ಸಂಗಮ ದೂರ ಬೇಕು, ಹೆಚ್ಚಿನ ಸಂಗಮ ದೂರಕ್ಕೆ ಗಾಳಿಯಿಲ್ಲದ ಜಾಗ ಬೇಕು. ಆ ಹೊಲದ ಮೂಲೆಯಲ್ಲಿ ಆಳೆತ್ತರದ ಗೋಡೆ ಕಟ್ಟಿಕೊಳ್ಳಲು ಗೆಳೆಯರು ಒಪ್ಪಿದ್ದಾರೆ. ಇಟ್ಟಿಗೆಯ ದರ ವಿಚಾರಿಸುತ್ತಿದ್ದೇನೆ.