ಊರ ಕೆರೆಗೆ ಪಂಚಾಯಿತಿಯಿಂದ ಬೈಲಾ ಮಾಡಿಸೋದು ಹೇಗೆ

ವಿಜಯಪುರ ಜಿಲ್ಲೆಯ ಬಬಲೇಶ್ವರ, ತಿಕೋಟಾ ಕಡೆ ಈಗ ಎಷ್ಟೋ ಕೆರೆಗಳಿಗೆ ಏತ ನೀರಾವರಿಯಿಂದ ಕೃಷ್ಣೆಯ ನೀರು ಬರುತ್ತದೆ. ಬಂದ ನೀರು ಹೊಲಸಾಗದಂತೆ ಕಾಯೋದಕ್ಕೆ ಬೆಂಗಳೂರಿನ ದಾರಿ ನೋಡಬೇಕಾಗಿಲ್ಲ. 1993ರ ಪಂಚಾಯತ್ ರಾಜ್ ಕಾಯ್ದೆಯಲ್ಲಿ ಗ್ರಾಮ ಪಂಚಾಯಿತಿಗೇ ಬೈಲಾ, ಅಂದರೆ ಊರ ಮಟ್ಟದ ನಿಯಮ, ಮಾಡುವ ಅಧಿಕಾರ ಇದೆ.

ಮೊದಲು ಕೆರೆ ಯಾರ ಹೆಸರಲ್ಲಿದೆ ನೋಡಿ. ಉತಾರ (ಪಹಣಿ) ತೆಗೆಸಿ, ಸರ್ವೆ ನಂಬರ್ ಬರೆದುಕೊಳ್ಳಿ. ಅಚ್ಚುಕಟ್ಟು (ಆ ಕೆರೆ ನೀರುಣ್ಣುವ ಜಮೀನು) 40 ಹೆಕ್ಟೇರಿಗಿಂತ ಜಾಸ್ತಿ ಇದ್ದರೆ ಸಾಮಾನ್ಯವಾಗಿ ಅದು ಸಣ್ಣ ನೀರಾವರಿ ಇಲಾಖೆಯದ್ದು, ಬೈಲಾ ಕೇಳುವ ಅರ್ಜಿಯ ಒಂದು ಪ್ರತಿ ಅವರಿಗೂ ಕೊಡಿ. ಒತ್ತುವರಿ ಇದ್ದರೆ ತಹಶೀಲ್ದಾರರಿಗೆ ಬೇರೆ ಅರ್ಜಿ ಬರೆಯಿರಿ. ಎರಡನ್ನೂ ಒಂದೇ ಅರ್ಜಿಯಲ್ಲಿ ಹಾಕಿದರೆ ಇವರು ಅವರ ಕಡೆ, ಅವರು ಇವರ ಕಡೆ ಕೈ ತೋರಿಸುತ್ತಾರೆ, ಅಷ್ಟೇ.

ನಿಜವಾದ ಕೆಲಸ ಇರೋದು ಬರೆಯೋದರಲ್ಲಿ. ‘ಕೆರೆ ಮಲಿನ ಮಾಡಬಾರದು’ ಅಂತ ಸುಮ್ನೆ ಬರೆದರೆ ಯಾರಿಗೂ ದಂಡ ಹಾಕೋಕೆ ಆಗಲ್ಲ. ಯಾವ ಜಾಗ, ಯಾವ ಕೆಲಸ, ಯಾರು ನೋಡಬೇಕು, ಇಷ್ಟನ್ನೂ ಬರೆಯಬೇಕು. ನಮ್ಮ ಕಡೆಯದೇ ಒಂದು ಉದಾಹರಣೆ ತಗೊಳ್ಳಿ. ದ್ರಾಕ್ಷಿಗೆ ಎಣ್ಣೆ (ಕೀಟನಾಶಕ) ಹೊಡೆಯೋರು ಕೆರೆ ದಂಡೆಯಲ್ಲೇ ಮೋಟರ್ ಹಚ್ಚಿ ಟ್ರ್ಯಾಕ್ಟರಿನ ಟ್ಯಾಂಕ್ ತುಂಬಿಸುತ್ತಾರೆ, ಪೈಪಿನ ತುದಿ ಔಷಧ ಕಲಸಿದ ನೀರಲ್ಲಿ ಮುಳುಗಿರುತ್ತದೆ, ಅಷ್ಟರಲ್ಲಿ ಕರೆಂಟ್ ಹೋಯಿತು ಅಂದರೆ ಪೈಪಿನ ನೀರು ಹಿಂದಕ್ಕೆ ಇಳಿಯುವಾಗ ಟ್ಯಾಂಕಿನ ಔಷಧವನ್ನೂ ಎಳೆದುಕೊಂಡು ಕೆರೆಗೆ ಸೇರುತ್ತದೆ. ಅದಕ್ಕೆ ಹೀಗೆ ಬರೆಯಿರಿ: ‘ಕೆರೆಯಿಂದ ಬರೀ ನೀರು ತುಂಬಿಸಬೇಕು, ಔಷಧವನ್ನು ಹೊಲದಲ್ಲೇ ಕಲಸಬೇಕು, ಟ್ಯಾಂಕ್ ತುಂಬಿಸುವ ಪೈಪಿನ ತುದಿ ಟ್ಯಾಂಕಿನ ನೀರಿಗೆ ಮುಟ್ಟಬಾರದು, ಪಂಪು, ಡಬ್ಬಿ ಕೆರೆಯಲ್ಲಿ ತೊಳೆಯಬಾರದು.’ ಹೀಗಿದ್ದರೆ ವಾಟರ್‌ಮನ್ ಕೂಡ ನಿಂತು ನೋಡಿ ಹೇಳಬಹುದು, ಅಲ್ವಾ? ತಿಪ್ಪೆ, ಗಟಾರದ ನೀರಿನ ಬಗ್ಗೆಯೂ ಇದೇ ರೀತಿ.

ಇದನ್ನು ಗ್ರಾಮಸಭೆಗೆ ತನ್ನಿ. ಆರು ತಿಂಗಳಿಗೆ ಒಮ್ಮೆಯಾದರೂ ಸಭೆ ನಡೆಯಲೇಬೇಕು. ಜಲಜೀವನ್ ಮಿಷನ್‌ನಲ್ಲಿ ನೀರು ಪರೀಕ್ಷೆ ಕಲಿತ ಅಕ್ಕಂದಿರು ಊರಲ್ಲಿದ್ದರೆ ಅವರಿಂದ ಕೆರೆ ಪಕ್ಕದ ಬಾವಿ ನೀರು ಪರೀಕ್ಷೆ ಮಾಡಿಸಿ. ಆ ಕಿಟ್‌ನಲ್ಲಿ ಔಷಧದ ಅಂಶ ಗೊತ್ತಾಗಲ್ಲ. ಆದರೆ ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ದಾಟಿದ್ದರೆ ಗೊಬ್ಬರವೋ ಗಟಾರವೋ ಬಾವಿಗೆ ಇಳಿಯುತ್ತಿದೆ ಅಂತ ಸಭೆಯಲ್ಲಿ ಹೇಳೋಕೆ ಒಂದು ಆಧಾರ ಸಿಗುತ್ತದೆ. ನಿಮ್ಮ ಮಾತು ನಡಾವಳಿ ಪುಸ್ತಕದಲ್ಲಿ ಬರೆಯೋವರೆಗೂ ಎದ್ದು ಬರಬೇಡಿ. ಆಮೇಲೆ ಠರಾವಿನ ನಕಲು ಕೇಳಿ ಪಡೆಯಿರಿ, ಬೈಲಾ ಮಂಜೂರಾದ ಮೇಲೆ ಊರಲ್ಲಿ ಡಂಗುರ ಸಾರಿಸಿ.

ಸಕ್ಕರೆ ಕಾರ್ಖಾನೆ ನೀರು ಹಳ್ಳಕ್ಕೆ ಬರುತ್ತಿದ್ದರೆ ಪಂಚಾಯಿತಿ ದಂಡ ಅವರಿಗೆ ಯಾವ ಲೆಕ್ಕಕ್ಕೂ ಇಲ್ಲ. 1974ರ ಜಲ ಕಾಯ್ದೆಯ ಹೆಸರು ಹೇಳಿ, ದಿನಾಂಕ ಕಾಣುವ ಫೋಟೊ ಇಟ್ಟು ಮಾಲಿನ್ಯ ನಿಯಂತ್ರಣ ಮಂಡಳಿಗೆ ದೂರು ಕೊಡಿ, ಸ್ವೀಕೃತಿ ಸಹಿ ಹಾಕಿಸಿಕೊಂಡೇ ಬನ್ನಿ.